ಸ್ಪರ್ಧೆಗೆ ನಿಮ್ಮ ರೋಬಾಟ್: ವಿಡಿಯೊ ಮಾಡುವುದು ಹೇಗೆ?

ರೋಬಾಟ್ ಕಟ್ಟುವುದಕ್ಕೆ ತಿಂಗಳುಗಟ್ಟಲೆ ಸಮಯ, ಅದರ ವಿಡಿಯೊಗೆ ಕೊನೆಯ ದಿನದ ಅರ್ಧ ಗಂಟೆ. ಶಾಲೆ, ಕಾಲೇಜುಗಳ ತಂಡಗಳಲ್ಲಿ ಹೆಚ್ಚಾಗಿ ಆಗುವುದು ಹೀಗೆ. ಆದರೆ ಇಂದಿನ ಎಷ್ಟೋ ಸ್ಪರ್ಧೆಗಳಲ್ಲಿ ತೀರ್ಪುಗಾರರು ನಿಮ್ಮ ರೋಬಾಟನ್ನು ಮೊದಲು ನೋಡುವುದೇ ಪರದೆಯ ಮೇಲೆ. ಐಐಟಿ ಬಾಂಬೆ ನಡೆಸುವ ಇ-ಯಂತ್ರ ಸ್ಪರ್ಧೆಯಲ್ಲಿ ತಂಡಗಳು ತಮ್ಮ ಊರಿನಲ್ಲೇ ಕುಳಿತು ಒಂದೊಂದೇ ಟಾಸ್ಕ್ ಮುಗಿಸಿ ವಿಡಿಯೊ ಕಳಿಸುತ್ತವೆ. ರೋಬಾಟ್‌ಗಳ ಫುಟ್‌ಬಾಲ್‌ಗೆ ಹೆಸರಾದ ರೋಬೊಕಪ್‌ನ ಹಲವು ವಿಭಾಗಗಳಲ್ಲೂ ಅರ್ಹತೆ ಪಡೆಯಲು ತಂಡದ ವಿವರಣೆಯ ಜತೆಗೆ ವಿಡಿಯೊ ಕೊಡಬೇಕು.

ಈ ಪದ್ಧತಿ ಹೊಸದಲ್ಲ. ಚಾಲಕನಿಲ್ಲದ ವಾಹನಗಳಿಗಾಗಿ ಅಮೆರಿಕದ ಡಾರ್ಪಾ ಸಂಸ್ಥೆ 2005ರಲ್ಲಿ ನಡೆಸಿದ ಗ್ರ್ಯಾಂಡ್ ಚಾಲೆಂಜ್‌ಗೆ 195 ತಂಡಗಳು ಅರ್ಜಿ ಹಾಕಿದ್ದವು. ಅರ್ಜಿಯೊಂದಿಗೆ ವಾಹನದ ವಿಡಿಯೊ ಕೂಡ ಸಲ್ಲಿಸಬೇಕಿತ್ತು. ಅವುಗಳಲ್ಲಿ 118 ತಂಡಗಳ ಬಳಿಗೆ ಮಾತ್ರ ಅಧಿಕಾರಿಗಳು ಹೋಗಿ ವಾಹನ ಪರೀಕ್ಷಿಸಿದರು. ಉಳಿದವರ ಸ್ಪರ್ಧೆ ಕಾಗದಪತ್ರ ಮತ್ತು ವಿಡಿಯೊದ ಹಂತದಲ್ಲೇ ಮುಗಿಯಿತು.

ಸ್ಪರ್ಧೆಗೆ ಕಳಿಸುವ ವಿಡಿಯೊ ಮೊದಲಿಗೆ ಒಂದು ಸಾಕ್ಷ್ಯ. ಈ ಯಂತ್ರ ಏನು ಮಾಡುತ್ತದೆ, ಅದನ್ನು ತಾನಾಗಿಯೇ ಮಾಡುತ್ತದೆಯೇ, ಹೇಗೆ ಮಾಡುತ್ತದೆ ಎಂಬ ಮೂರು ಪ್ರಶ್ನೆಗಳಿಗೆ ಅದು ಅನುಮಾನವಿಲ್ಲದ ಉತ್ತರ ಕೊಡಬೇಕು. ದುಬಾರಿ ಕ್ಯಾಮೆರಾ ಬೇಕಿಲ್ಲ. ಒಂದು ಸಾಧಾರಣ ಸ್ಮಾರ್ಟ್‌ಫೋನ್ ಸಾಕು. ಬೇಕಿರುವುದು ಸಿದ್ಧತೆ.

ಮೊದಲು ನಿಯಮಾವಳಿ

ಫೋನ್ ಕೈಗೆತ್ತಿಕೊಳ್ಳುವ ಮೊದಲು ಸ್ಪರ್ಧೆಯ ನಿಯಮಗಳನ್ನು ಇಡೀ ತಂಡ ಒಟ್ಟಿಗೆ ಕುಳಿತು ಓದಬೇಕು. ವಿಡಿಯೊ ಎಷ್ಟು ನಿಮಿಷ ಇರಬಹುದು, ಕತ್ತರಿಸದೆ ಒಂದೇ ಟೇಕ್‌ನಲ್ಲಿ ತೆಗೆಯಬೇಕೆ, ತಂಡದ ಸಂಖ್ಯೆಯನ್ನು ಎಲ್ಲಿ ತೋರಿಸಬೇಕು, ಫೈಲಿಗೆ ಯಾವ ಹೆಸರಿಡಬೇಕು, ಯಾವ ಭಾಷೆಯಲ್ಲಿ ವಿವರಿಸಬಹುದು ಎಂಬುದನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ.

ಆಮೇಲೆ ಅಂಕಗಳ ಪಟ್ಟಿ ನೋಡಿ. ಅಂಕ ಇರುವ ಪ್ರತಿಯೊಂದು ಅಂಶಕ್ಕೂ ವಿಡಿಯೊದಲ್ಲಿ ಒಂದು ದೃಶ್ಯ ಇರಬೇಕು. ಉದಾಹರಣೆಗೆ, ತಿರುವಿನಲ್ಲಿ ಗೆರೆ ಬಿಡದೆ ಸಾಗುವುದಕ್ಕೆ ಅಂಕವಿದ್ದರೆ, ತಿರುವು ಸ್ಪಷ್ಟವಾಗಿ ಕಾಣುವ ಕಡೆಗೆ ಕ್ಯಾಮೆರಾ ಇಡಬೇಕು. ವಸ್ತುವನ್ನು ಎತ್ತಿ ಸರಿಯಾದ ಚೌಕದಲ್ಲಿ ಇಡುವುದಕ್ಕೆ ಅಂಕವಿದ್ದರೆ, ಚೌಕದ ನಾಲ್ಕೂ ಅಂಚುಗಳು ಕಾಣಬೇಕು. ಹೀಗೆ ಮಾಡಿದ ಪಟ್ಟಿಯೇ ನಿಮ್ಮ ಚಿತ್ರಕಥೆ.

ಅರೀನಾ ಸಿದ್ಧಪಡಿಸುವುದು

ನಮ್ಮಲ್ಲಿ ಬಹುತೇಕ ತಂಡಗಳು ರೋಬಾಟ್ ಓಡುವ ಅಂಕಣವನ್ನು, ಅಂದರೆ ಅರೀನಾವನ್ನು, ಫ್ಲೆಕ್ಸ್ ಮೇಲೆ ಮುದ್ರಿಸಿಕೊಳ್ಳುತ್ತವೆ, ಇಲ್ಲವೇ ಬಿಳಿ ಹಾಳೆಯ ಮೇಲೆ ಕಪ್ಪು ಇನ್ಸುಲೇಷನ್ ಟೇಪು ಅಂಟಿಸುತ್ತವೆ. ಸುರುಳಿ ಸುತ್ತಿ ತಂದ ಫ್ಲೆಕ್ಸ್ ಬಿಚ್ಚಿದ ತಕ್ಷಣ ಸಮತಟ್ಟಾಗುವುದಿಲ್ಲ. ಹಿಂದಿನ ದಿನವೇ ಮಗುಚಿ ಹಾಸಿ, ಅಂಚುಗಳ ಮೇಲೆ ಭಾರ ಇಡಿ. ಸಣ್ಣ ಚಕ್ರದ ರೋಬಾಟ್‌ಗೆ ಒಂದು ಮಡಿಕೆಯೂ ದೊಡ್ಡ ಅಡ್ಡಿಯೇ. ಹೊಳಪಿನ ಫ್ಲೆಕ್ಸ್ ಬೆಳಕನ್ನು ಕನ್ನಡಿಯಂತೆ ತಿರುಗಿಸಿ ಕ್ಯಾಮೆರಾವನ್ನೂ ಸೆನ್ಸರನ್ನೂ ಒಟ್ಟಿಗೆ ಕಂಗೆಡಿಸುತ್ತದೆ. ಮುದ್ರಿಸುವಾಗಲೇ ಹೊಳಪಿಲ್ಲದ ಮ್ಯಾಟ್ ಮೇಲ್ಮೈ ಕೇಳಿ ಪಡೆಯಿರಿ.

ರೋಬಾಟ್ ಹಿನ್ನೆಲೆಯಲ್ಲಿ ಕರಗಿಹೋಗಬಾರದು. ಎರಡು ರೋಬಾಟ್‌ಗಳು ಒಂದನ್ನೊಂದು ಹೊರಗೆ ತಳ್ಳುವ ಮಿನಿ ಸುಮೊ ಸ್ಪರ್ಧೆಯಲ್ಲಿ ಅಖಾಡದ ನೆಲ ಕಪ್ಪು, ಅದರ ಸುತ್ತ 2.5 ಸೆಂಟಿಮೀಟರ್ ಅಗಲದ ಬಿಳಿ ಅಂಚು. ಅದರ ಮೇಲೆ ಕಪ್ಪು ರೋಬಾಟ್ ಓಡಿದರೆ ವಿಡಿಯೊದಲ್ಲಿ ಅದರ ಆಕಾರವೇ ತಿಳಿಯುವುದಿಲ್ಲ. ಮೇಲ್ಭಾಗದಲ್ಲಿ ಹಳದಿ ಅಥವಾ ಕಿತ್ತಳೆ ಟೇಪಿನ ಒಂದು ಪಟ್ಟಿ ಅಂಟಿಸಿ. ಮುಂಭಾಗ ಯಾವುದೆಂದು ತೋರಿಸಲು ಬಾಣದ ಗುರುತು ಹಾಕಿ. ಎದುರಾಳಿಯ ಸೆನ್ಸರ್‌ಗೆ ತೊಡಕಾಗುವ ಬಣ್ಣಗಳಿಗೆ ನಿಷೇಧವಿದೆಯೇ ಎಂದು ಮಾತ್ರ ಮೊದಲೇ ನೋಡಿಕೊಳ್ಳಿ.

ಅರೀನಾದ ಪಕ್ಕದಲ್ಲಿ ಅಳತೆ ಪಟ್ಟಿಯೊಂದನ್ನು ಇಟ್ಟು ಒಮ್ಮೆ ತೋರಿಸಿ. ಮಿನಿ ಸುಮೊದಲ್ಲಿ ರೋಬಾಟ್ 10 ಸೆಂಟಿಮೀಟರ್ ಚೌಕದೊಳಗೆ ಇರಬೇಕು, ತೂಕ 500 ಗ್ರಾಂ ಮೀರಬಾರದು. ಅಳತೆ ಪಟ್ಟಿಯ ಪಕ್ಕದಲ್ಲೂ ಅಡುಗೆಮನೆಯ ತಕ್ಕಡಿಯ ಮೇಲೂ ರೋಬಾಟ್ ಇಟ್ಟ ಐದು ಸೆಕೆಂಡಿನ ದೃಶ್ಯ ಒಂದು ಪುಟದ ವಿವರಣೆಗೆ ಸಮ.

ಬೆಳಕು: ಕ್ಯಾಮೆರಾಕ್ಕೂ ಬೇಕು, ಸೆನ್ಸರ್‌ಗೂ ಹೊಂದಬೇಕು

ರೋಬಾಟ್ ಚಿತ್ರೀಕರಣ ಬೇರೆಲ್ಲ ಚಿತ್ರೀಕರಣಕ್ಕಿಂತ ಭಿನ್ನವಾಗುವುದು ಇಲ್ಲಿ. ನೀವು ಹಾಕಿದ ಬೆಳಕು ನಿಮ್ಮ ನಟನ ಕಣ್ಣಿನೊಳಕ್ಕೂ ಹೋಗುತ್ತದೆ, ಅದರ ನಡಿಗೆಯನ್ನೇ ಬದಲಿಸುತ್ತದೆ.

ಗೆರೆ ಹಿಡಿದು ಸಾಗುವ ಲೈನ್ ಫಾಲೋವರ್‌ಗಳಲ್ಲಿ ಬಳಸುವ ಟಿಸಿಆರ್‌ಟಿ5000 ತರಹದ ಸೆನ್ಸರ್ ಸುಮಾರು 950 ನ್ಯಾನೋಮೀಟರ್ ತರಂಗಾಂತರದ ಅವಕೆಂಪು ಬೆಳಕನ್ನು ನೆಲಕ್ಕೆ ಬಿಟ್ಟು, ಮರಳಿ ಬಂದದ್ದನ್ನು ಅಳೆಯುತ್ತದೆ. ಬಿಸಿಲಿನಲ್ಲೂ ಹ್ಯಾಲೊಜನ್ ದೀಪದಲ್ಲೂ ಅವಕೆಂಪು ಕಿರಣ ಹೇರಳವಾಗಿದೆ. ಕಿಟಕಿಯಿಂದ ಬಿದ್ದ ಬಿಸಿಲಿನ ತುಂಡಿನ ಮೇಲೆ ರೋಬಾಟ್ ಹಾದಾಗ ಕಪ್ಪು ಗೆರೆಯೂ ಅದಕ್ಕೆ ಬಿಳಿಯಾಗಿ ಕಾಣಬಹುದು. ಬೆಳ್ಳಗಿನ ಎಲ್‌ಇಡಿ ದೀಪಗಳಲ್ಲಿ ಅವಕೆಂಪು ಅಂಶ ತೀರಾ ಕಡಿಮೆ. ಆದ್ದರಿಂದ ಚಿತ್ರೀಕರಣಕ್ಕೆ ಅವೇ ಸುರಕ್ಷಿತ. ಹಗಲಿನಲ್ಲಿ ತೆಗೆಯುವುದಾದರೆ ಕಿಟಕಿಗೆ ಬಿಳಿ ಪಂಚೆ ಕಟ್ಟಿ ನೇರ ಬಿಸಿಲು ಬೀಳದಂತೆ ಮಾಡಿ. ಎದುರು ಬದಿಯಲ್ಲಿ ಒಂದು ಥರ್ಮೋಕೋಲ್ ಹಾಳೆ ನಿಲ್ಲಿಸಿದರೆ ನೆರಳು ಮೃದುವಾಗುತ್ತದೆ.

ಇಲ್ಲಿ ಮರೆಯಬಾರದ ಕ್ರಮ ಒಂದಿದೆ: ದೀಪಗಳನ್ನೆಲ್ಲ ಹಚ್ಚಿ, ಅವುಗಳ ಜಾಗ ಅಂತಿಮಗೊಳಿಸಿದ ಮೇಲಷ್ಟೇ ಸೆನ್ಸರ್ ಕ್ಯಾಲಿಬ್ರೇಟ್ ಮಾಡಿ. ಸೀರಿಯಲ್ ಮಾನಿಟರ್‌ನಲ್ಲಿ ಬಿಳಿ ನೆಲದ ಮತ್ತು ಕಪ್ಪು ಗೆರೆಯ ಓದುಗಳನ್ನು ಅರೀನಾದ ನಾಲ್ಕು ಮೂಲೆಗಳಲ್ಲಿ ನೋಡಿ. ಒಂದು ಮೂಲೆಯ ಓದು ಉಳಿದವಕ್ಕಿಂತ ತೀರಾ ಬೇರೆಯಾಗಿದ್ದರೆ ಅಲ್ಲಿನ ಬೆಳಕು ಸರಿಪಡಿಸಿ. ಕೋಡ್ ತಿದ್ದಲು ಹೊರಡುವುದು ಆಮೇಲಿನ ಮಾತು.

ಸೆನ್ಸರ್‌ನ ಅವಕೆಂಪು ಎಲ್‌ಇಡಿಗಳು ಬರಿಗಣ್ಣಿಗೆ ಕಾಣದಿದ್ದರೂ ಅನೇಕ ಫೋನ್‌ಗಳ ಕ್ಯಾಮೆರಾದಲ್ಲಿ, ವಿಶೇಷವಾಗಿ ಮುಂಬದಿಯ ಕ್ಯಾಮೆರಾದಲ್ಲಿ, ನೇರಳೆ ಚುಕ್ಕಿಗಳಾಗಿ ಕಾಣುತ್ತವೆ. ಓಟಕ್ಕೆ ಮುಂಚೆ ಎಲ್ಲವೂ ಉರಿಯುತ್ತಿವೆಯೇ ಎಂದು ಪರೀಕ್ಷಿಸಲು ಇದು ಒಳ್ಳೆಯ ಉಪಾಯ.

ಪಟ್ಟೆಪಟ್ಟೆ ಚಿತ್ರ ಬಂದರೆ

ವಿಡಿಯೊದಲ್ಲಿ ಕಪ್ಪು ಪಟ್ಟೆಗಳು ಮೇಲಿಂದ ಕೆಳಕ್ಕೆ ಹರಿದಂತೆ ಕಾಣುವುದುಂಟು. ನಮ್ಮ ದೇಶದ ವಿದ್ಯುತ್ 50 ಹರ್ಟ್ಸ್‌ನದು. ಅದರಿಂದ ಉರಿಯುವ ಅನೇಕ ದೀಪಗಳು ಸೆಕೆಂಡಿಗೆ 100 ಬಾರಿ ಮಿನುಗುತ್ತವೆ. ಕ್ಯಾಮೆರಾದ ಶಟರ್ ಇದಕ್ಕೆ ತಾಳ ಹಾಕದಿದ್ದಾಗ ಪಟ್ಟೆ ಮೂಡುತ್ತದೆ. ಫೋನಿನ ಪ್ರೊ ಮೋಡ್‌ನಲ್ಲಿ ಶಟರ್ ವೇಗವನ್ನು 1/50 ಅಥವಾ 1/100 ಸೆಕೆಂಡಿಗೆ ಇಟ್ಟರೆ ಸಮಸ್ಯೆ ಸಾಮಾನ್ಯವಾಗಿ ಹೋಗುತ್ತದೆ. ಓಡುವ ರೋಬಾಟ್‌ಗೆ 1/100 ವಾಸಿ: ಸೆಕೆಂಡಿಗೆ ಒಂದು ಮೀಟರ್ ವೇಗದ ರೋಬಾಟ್ ಅಷ್ಟು ಹೊತ್ತಿನಲ್ಲಿ ಒಂದು ಸೆಂಟಿಮೀಟರ್ ಮಾತ್ರ ಸರಿಯುತ್ತದೆ, 1/50ರಲ್ಲಿ ಎರಡು ಸೆಂಟಿಮೀಟರ್ ಸರಿದು ಚಿತ್ರ ಮಸುಕಾಗುತ್ತದೆ.

ಪ್ರೊ ಮೋಡ್ ಇಲ್ಲದಿದ್ದರೆ ಪರದೆಯ ಮೇಲೆ ರೋಬಾಟ್ ಇರುವ ಕಡೆ ಬೆರಳು ಒತ್ತಿ ಹಿಡಿದು ಫೋಕಸ್ ಮತ್ತು ಬೆಳಕಿನ ಮಟ್ಟವನ್ನು ಲಾಕ್ ಮಾಡಿ. ಇಲ್ಲದಿದ್ದರೆ ಬಿಳಿ ಅರೀನಾ ಚೌಕಟ್ಟು ತುಂಬಿದಾಗಲೆಲ್ಲ ಫೋನ್ ತಾನಾಗಿ ಚಿತ್ರವನ್ನು ಕಪ್ಪಾಗಿಸುತ್ತದೆ. ರೋಬಾಟ್ ಮೇಲಿನ ಪ್ರಖರ ಎಲ್‌ಇಡಿಗಳು ಚಿತ್ರದಲ್ಲಿ ಬಿಳಿ ಮಚ್ಚೆಗಳಾಗುತ್ತವೆ. ಅವುಗಳ ಮೇಲೆ ತೆಳು ಬಿಳಿ ಕಾಗದದ ತುಣುಕು ಅಂಟಿಸಿದರೆ ಬಣ್ಣ ಸರಿಯಾಗಿ ಕಾಣುತ್ತದೆ.

ಕ್ಯಾಮೆರಾ ಎಲ್ಲಿರಬೇಕು?

ಮುಖ್ಯ ಕ್ಯಾಮೆರಾ ಅಲುಗಾಡಬಾರದು, ಇಡೀ ಅರೀನಾ ಕಾಣಬೇಕು, ಫೋನ್ ಅಡ್ಡಲಾಗಿರಬೇಕು. ರೋಬಾಟ್ ಹಿಂದೆ ಫೋನ್ ಹಿಡಿದು ಓಡಿದರೆ ಅದು ಗೆರೆ ಬಿಟ್ಟಿತೋ, ಕ್ಯಾಮೆರಾ ವಾಲಿತೋ ತೀರ್ಪುಗಾರರಿಗೆ ತಿಳಿಯುವುದಿಲ್ಲ. ಚೌಕಟ್ಟು ನಿಶ್ಚಲವಾಗಿದ್ದರೆ ಚಲನೆಯೆಲ್ಲ ರೋಬಾಟಿನದೇ ಆಗುತ್ತದೆ.

ಎಷ್ಟು ಎತ್ತರದಲ್ಲಿ ಇಡಬೇಕೆಂಬುದಕ್ಕೆ ಒಂದು ಅಂದಾಜು ಲೆಕ್ಕ: ಫೋನಿನ ಮುಖ್ಯ ಲೆನ್ಸ್ ನೇರ ಕೆಳಗೆ ನೋಡುವಾಗ, ಅಡ್ಡ ಚೌಕಟ್ಟಿನ ಕಿರಿಯ ಬದಿಯಲ್ಲಿ ತನ್ನ ಎತ್ತರದ ಮೂರನೇ ಎರಡು ಪಾಲಿನಷ್ಟು ನೆಲವನ್ನು ಕಾಣುತ್ತದೆ. ಮಿನಿ ಸುಮೊ ಅಖಾಡದ ವ್ಯಾಸ 77 ಸೆಂಟಿಮೀಟರ್. ಒಂದೂವರೆ ಮೀಟರ್ ಎತ್ತರದಿಂದ ಆರಾಮವಾಗಿ ಹಿಡಿಸುತ್ತದೆ. ರೋಬಾಟ್ ತಾನಾಗಿ ದಾರಿ ಹುಡುಕುವ ಮೈಕ್ರೊಮೌಸ್‌ನ ಪೂರ್ಣ ಜಟಿಲಪಥ 16 ಸಾಲು, 16 ಕಾಲಂಗಳದು, ಪ್ರತಿ ಕೋಣೆ 18 ಸೆಂಟಿಮೀಟರ್. ಅಂದರೆ ಒಂದು ಬದಿ ಸುಮಾರು 2.9 ಮೀಟರ್. ಅದನ್ನು ಹೀಗೆ ಹಿಡಿಸಲು ನಾಲ್ಕು ಮೀಟರಿಗೂ ಹೆಚ್ಚು ಎತ್ತರ ಬೇಕು, ಮನೆಯ ಚಾವಣಿ ಅಷ್ಟಿರುವುದಿಲ್ಲ. ಆಗ 0.5 ಎಂದು ಗುರುತಿರುವ ಅಗಲ ಲೆನ್ಸ್ ಬಳಸಿ, ಅಥವಾ ಮೂಲೆಯಲ್ಲಿ ಎತ್ತರದ ಸ್ಟೂಲ್ ಹಾಕಿ ಓರೆಯಾಗಿ ತೆಗೆಯಿರಿ. ಐದು ಸೆಂಟಿಮೀಟರ್ ಎತ್ತರದ ಗೋಡೆಗಳ ಹಿಂದೆ ಸಣ್ಣ ರೋಬಾಟ್ ಮರೆಯಾಗುವುದರಿಂದ ಓರೆ ಕೋನ ತೀರಾ ತಗ್ಗಾಗದಿರಲಿ. ಫೋನನ್ನು ಮೇಲೆ ಕಟ್ಟುವುದಾದರೆ ಎರಡನೆಯ ದಾರವೊಂದನ್ನು ಭದ್ರತೆಗೆ ಕಟ್ಟಿ. ಅದು ಬಿದ್ದರೆ ಫೋನಿನ ಜತೆ ರೋಬಾಟೂ ಹೋಗುತ್ತದೆ.

ನೀವೂ ನಿಮ್ಮ ಟ್ರೈಪಾಡೂ ರೋಬಾಟಿನ ಲೋಕದಲ್ಲಿ ವಸ್ತುಗಳೇ. ಎಚ್‌ಸಿ-ಎಸ್‌ಆರ್04 ಅಲ್ಟ್ರಾಸಾನಿಕ್ ಸೆನ್ಸರ್ 2 ಸೆಂಟಿಮೀಟರಿನಿಂದ ಸುಮಾರು 4 ಮೀಟರ್‌ವರೆಗೆ ಅಳೆಯಬಲ್ಲದು. ಅರೀನಾದ ಅಂಚಿನಲ್ಲಿ ನಿಂತ ಕಾಲು ಅದಕ್ಕೆ ಒಂದು ಗೋಡೆ. ಬಣ್ಣ ಗುರುತಿಸುವ ರೋಬಾಟ್ ಮುಂದೆ ಕೆಂಪು ಅಂಗಿ ತೊಟ್ಟು ನಿಂತರೆ ಅದು ನಿಮ್ಮನ್ನೇ ಚೆಂಡೆಂದು ಭಾವಿಸಬಹುದು. ಎಲ್ಲರೂ ಒಂದು ಬದಿಯಲ್ಲಿ, ಸೆನ್ಸರ್‌ನ ನೋಟದಿಂದ ಆಚೆ ನಿಲ್ಲಿ.

ಎರಡನೆಯ ಫೋನ್ ಇದ್ದರೆ ಅದನ್ನು ನೆಲದ ಮಟ್ಟದಲ್ಲಿ, ಕಷ್ಟದ ತಿರುವಿನ ಬಳಿ ಇಡಿ. ಚಕ್ರ ಜಾರುವುದು, ಗ್ರಿಪ್ಪರ್ ಹಿಡಿಯುವುದು ಆ ಎತ್ತರದಿಂದ ಚೆನ್ನಾಗಿ ಕಾಣುತ್ತದೆ.

ಫೋನಿನ ಸಿದ್ಧತೆ

1080ಪಿ ಗುಣಮಟ್ಟ, ಸೆಕೆಂಡಿಗೆ 30 ಫ್ರೇಮ್ ಇದ್ದರೆ ಸಾಕು. ಇದರಲ್ಲಿ ಒಂದು ನಿಮಿಷಕ್ಕೆ ಸರಿಸುಮಾರು 60ರಿಂದ 130 ಎಂಬಿ ಜಾಗ ಬೇಕಾಗುತ್ತದೆ. 4ಕೆ ಆದರೆ ಇದರ ಎರಡು-ಮೂರು ಪಟ್ಟು, ಅಪ್‌ಲೋಡ್ ಕೂಡ ಅಷ್ಟೇ ನಿಧಾನ. ಲೆನ್ಸನ್ನು ಮೆತ್ತನೆಯ ಹತ್ತಿ ಬಟ್ಟೆಯಲ್ಲಿ ಒರೆಸಿ. ಟ್ರೈಪಾಡ್ ಮೇಲಿರುವಾಗ ಸ್ಟೆಬಿಲೈಸೇಷನ್ ಆಫ್ ಮಾಡಿ. ಫೋನನ್ನು ಏರೋಪ್ಲೇನ್ ಮೋಡ್‌ಗೆ ಹಾಕಿ, ಟೇಕ್ ಮಧ್ಯೆ ಕರೆ ಬರದಿರಲಿ. ಬ್ಲೂಟೂತ್ ಅಥವಾ ವೈಫೈ ಮೂಲಕ ರೋಬಾಟ್ ನಡೆಸುವ ಫೋನಿನಲ್ಲೇ ಚಿತ್ರೀಕರಿಸಬೇಡಿ.

ನಿಧಾನಗತಿಯ ದೃಶ್ಯಕ್ಕೆ 120 ಅಥವಾ 240 ಫ್ರೇಮ್ ಬಳಸಬಹುದು. ಆದರೆ ಅದಕ್ಕೆ ಬೆಳಕು ಬಹಳ ಬೇಕು, ಮನೆಯ ದೀಪದಲ್ಲಿ ಮಿನುಗು ಎದ್ದು ಕಾಣುತ್ತದೆ. ಈ ನಿಧಾನಗತಿಯ ನಿಜವಾದ ಉಪಯೋಗ ತಂಡಕ್ಕೇ. ರೋಬಾಟ್ ತಿರುವಿನಲ್ಲಿ ಯಾವ ಕ್ಷಣಕ್ಕೆ ಗೆರೆ ಬಿಡುತ್ತದೆ, ಎಡ ಚಕ್ರ ತಡವಾಗಿ ತಿರುಗುತ್ತಿದೆಯೇ ಎಂಬುದು ಬರಿಗಣ್ಣಿಗೆ ಸಿಗುವುದಿಲ್ಲ, ಇಲ್ಲಿ ಸಿಗುತ್ತದೆ.

ಓಟದ ಟೇಕ್

ಇದು ವಿಡಿಯೊದ ಹೃದಯ. ನಿಯಮ ಹೇಳಲಿ, ಬಿಡಲಿ, ಓಟವನ್ನು ಆರಂಭದಿಂದ ಕೊನೆಯವರೆಗೆ ಕತ್ತರಿಸದ ಒಂದೇ ಟೇಕ್‌ನಲ್ಲಿ ಕೊಡಿ. ಮಧ್ಯೆ ಒಂದು ಕಡೆ ಕತ್ತರಿ ಆಡಿದರೂ ನೋಡುವವರ ಮನಸ್ಸಿನಲ್ಲಿ ‘ಅಲ್ಲಿ ಏನಾಯಿತು?’ ಎಂಬ ಪ್ರಶ್ನೆ ಏಳುತ್ತದೆ. ಟೇಕ್ ಹೀಗೆ ಸಾಗಲಿ:

1. ತಂಡದ ಸಂಖ್ಯೆ, ದಿನಾಂಕ ಬರೆದ ಚೀಟಿ ತೋರಿಸಿ.
2. ಅರೀನಾದ ಪಕ್ಕ ಇನ್ನೊಂದು ಫೋನಿನ ಸ್ಟಾಪ್‌ವಾಚ್ ಚೌಕಟ್ಟಿನೊಳಗೆ ಓಡುತ್ತಿರಲಿ.
3. ರೋಬಾಟನ್ನು ಆರಂಭದ ಗುರುತಿನಲ್ಲಿ ಇಟ್ಟು ಸ್ವಿಚ್ ಒತ್ತುವುದು ಕಾಣಲಿ.
4. ಒತ್ತಿದ ಕೈ ಚೌಕಟ್ಟಿನಿಂದ ಹೊರಗೆ ಹೋಗುವುದೂ ಕಾಣಲಿ. ಮಿನಿ ಸುಮೊದಲ್ಲಿ ಗುಂಡಿ ಒತ್ತಿದ ಮೇಲೆ ಐದು ಸೆಕೆಂಡ್ ರೋಬಾಟ್ ಅಲುಗಾಡಬಾರದು. ಆ ಕಾಯುವಿಕೆಯೂ ಒಂದು ಪುರಾವೆ.
5. ಓಟ ಮುಗಿದು ರೋಬಾಟ್ ನಿಂತ ಮೇಲೂ ಐದು ಸೆಕೆಂಡ್ ರೆಕಾರ್ಡಿಂಗ್ ಮುಂದುವರಿಯಲಿ.

ಸ್ವಯಂಚಾಲಿತ ವಿಭಾಗವಾದರೆ ತಂಡದ ಸದಸ್ಯರ ಖಾಲಿ ಕೈಗಳು ಚೌಕಟ್ಟಿನ ಒಂದು ಮೂಲೆಯಲ್ಲಿ ಕಾಣುವಂತೆ ಮಾಡಿ. ರಿಮೋಟ್ ಇಲ್ಲ ಎಂದು ಬಾಯಲ್ಲಿ ಹೇಳುವುದಕ್ಕಿಂತ ಇದು ಬಲವಾದ ಮಾತು.

ಬ್ಯಾಟರಿಯ ಮೇಲೆ ಕಣ್ಣಿರಲಿ. ಎರಡು ಸೆಲ್‌ನ ಲಿಥಿಯಂ ಪಾಲಿಮರ್ ಬ್ಯಾಟರಿ ಪೂರ್ತಿ ತುಂಬಿದಾಗ 8.4 ವೋಲ್ಟ್ ಇರುತ್ತದೆ, ಓಡಿದಂತೆ ಇಳಿಯುತ್ತದೆ. ವೋಲ್ಟೇಜ್ ಇಳಿದರೆ ಮೋಟಾರಿನ ವೇಗವೂ ಇಳಿದು, ನೀವು ಹೊಂದಿಸಿದ ಪಿಐಡಿ (ಚಲನೆ ತಿದ್ದುವ ನಿಯಂತ್ರಣ ಸೂತ್ರ) ಮೌಲ್ಯಗಳು ಹೊಂದದೆ ಹೋಗುತ್ತವೆ. ಯಾವ ವೋಲ್ಟೇಜ್‌ನಲ್ಲಿ ರೋಬಾಟ್ ಚೆನ್ನಾಗಿ ಓಡುತ್ತದೋ ಬರೆದಿಟ್ಟುಕೊಂಡು, ಪ್ರತಿ ಟೇಕ್‌ಗೂ ಮೊದಲು ಮಲ್ಟಿಮೀಟರ್ ಹಚ್ಚಿ ನೋಡಿ. ಒಂದು ಸೆಲ್ 3 ವೋಲ್ಟ್‌ಗಿಂತ ಕೆಳಗಿಳಿಯಲು ಬಿಡಬೇಡಿ. ಚಾರ್ಜ್ ಆಗುತ್ತಿರುವ ಬ್ಯಾಟರಿಯನ್ನು ಬಿಟ್ಟು ಶೂಟಿಂಗ್‌ಗೆ ಬೇರೆ ಕೋಣೆಗೆ ಹೋಗಲೇಬೇಡಿ. ಈ ಬಗೆಯ ಬ್ಯಾಟರಿ ಕೆಟ್ಟರೆ ಬೆಂಕಿ ಹಿಡಿಯುತ್ತದೆ.

ಒಳಗಿನ ಬುದ್ಧಿಯನ್ನು ತೋರಿಸುವುದು

ಓಟ ನೋಡಿದವರಿಗೆ ರೋಬಾಟ್ ಏನು ಮಾಡುತ್ತದೆ ಎಂದು ತಿಳಿಯಿತು. ಹೇಗೆ ಮಾಡುತ್ತದೆ ಎಂಬುದಕ್ಕೆ ಪ್ರತ್ಯೇಕ ದೃಶ್ಯ ಬೇಕು. ಮೇಲಿನ ತಟ್ಟೆ ತೆಗೆದು ಸೆನ್ಸರ್ ಎಲ್ಲಿದೆ, ಮೋಟಾರ್ ಡ್ರೈವರ್ ಯಾವುದು, ಆರ್ಡುಯಿನೊ ಅಥವಾ ಇಎಸ್‌ಪಿ32 ಬೋರ್ಡ್ ಎಲ್ಲಿ ಕೂತಿದೆ ಎಂದು ಪೆನ್ಸಿಲ್ ತುದಿಯಿಂದ ತೋರಿಸಿ. ಬೆರಳು ಸಣ್ಣ ಭಾಗಗಳನ್ನು ಮುಚ್ಚಿಬಿಡುತ್ತದೆ.

ಲ್ಯಾಪ್‌ಟಾಪ್ ಪರದೆಯ ಮೇಲಿನ ಕೋಡನ್ನು ತೋರಿಸಲು ಅದನ್ನು ಫೋನಿನಲ್ಲಿ ತೆಗೆದರೆ ಅಲೆಅಲೆಯಾದ ಗೆರೆಗಳು ಬರುತ್ತವೆ. ಅದರ ಬದಲು ಸ್ಕ್ರೀನ್ ರೆಕಾರ್ಡಿಂಗ್ ಮಾಡಿ. ಸಾಧ್ಯವಾದರೆ ರೋಬಾಟ್ ಓಡುವಾಗಿನ ಸೆನ್ಸರ್ ಓದುಗಳ ಗ್ರಾಫನ್ನು ಓಟದ ದೃಶ್ಯದ ಪಕ್ಕದಲ್ಲಿ ಇಡಿ. ತಿರುವಿನಲ್ಲಿ ಗ್ರಾಫ್ ಏರಿ, ಮತ್ತೆ ನೆಲೆಗೆ ಬರುವುದನ್ನು ಕಂಡ ತೀರ್ಪುಗಾರರಿಗೆ ನಿಮ್ಮ ಕೆಲಸದ ಆಳ ಗೊತ್ತಾಗುತ್ತದೆ.

ಧ್ವನಿ ಮತ್ತು ಭಾಷೆ

ಓಟದ ಟೇಕ್‌ನ ಮೂಲ ಸದ್ದನ್ನು ಅಳಿಸಬೇಡಿ. ಗೇರು ಕಚ್ಚುವ ಸದ್ದು, ಮೋಟಾರಿನ ಏರಿಳಿತ ಅನುಭವಿಗಳ ಕಿವಿಗೆ ಮಾಹಿತಿ. ಫ್ಯಾನ್ ಆಫ್ ಮಾಡಿ, ಕುಕ್ಕರ್ ಕೂಗದ ಹೊತ್ತು ಆರಿಸಿ. ವಿವರಣೆಯನ್ನು ಆಮೇಲೆ ಬೇರೆಯಾಗಿ ರೆಕಾರ್ಡ್ ಮಾಡುವುದು ಒಳ್ಳೆಯದು. ಬಟ್ಟೆ, ಹಾಸಿಗೆ ತುಂಬಿದ ಸಣ್ಣ ಕೋಣೆಯಲ್ಲಿ ಮಾರ್ದನಿ ಕಡಿಮೆ. ಸಿನಿಮಾ ಹಾಡನ್ನು ಹಿನ್ನೆಲೆಗೆ ಹಾಕಬೇಡಿ. ಹಕ್ಕುಸ್ವಾಮ್ಯದ ಕಾರಣಕ್ಕೆ ಯೂಟ್ಯೂಬ್ ಧ್ವನಿಯನ್ನೋ ಇಡೀ ವಿಡಿಯೊವನ್ನೋ ತಡೆದರೆ ಕೊನೆಯ ಗಳಿಗೆಯಲ್ಲಿ ದಾರಿ ಇರುವುದಿಲ್ಲ.

ನಿಯಮದಲ್ಲಿ ಅವಕಾಶವಿದ್ದರೆ ಕನ್ನಡದಲ್ಲೇ ವಿವರಿಸಿ, ಬೇಕಿದ್ದರೆ ಇಂಗ್ಲಿಷ್ ಅಡಿಬರಹ ಹಾಕಿ. ಬಾಯಿಪಾಠ ಮಾಡಿದ ಇಂಗ್ಲಿಷ್ ಸಾಲುಗಳಿಗಿಂತ, ಸೆನ್ಸರ್ ಜೋಡಿಸಿದ ಹುಡುಗಿಯೇ ತನ್ನ ಮಾತಿನಲ್ಲಿ ಅದನ್ನು ವಿವರಿಸುವುದು ಹೆಚ್ಚು ತಿಳಿಸುತ್ತದೆ. ಇಂಗ್ಲಿಷ್ ಕಡ್ಡಾಯವಾದರೆ ಸಣ್ಣ ಸಣ್ಣ ವಾಕ್ಯ ಬರೆದುಕೊಂಡು, ಆಯಾ ಭಾಗ ಮಾಡಿದವರೇ ಓದಲಿ.

ಸಂಕಲನದಲ್ಲಿ ಪ್ರಾಮಾಣಿಕತೆ

ಕೆಡೆನ್‌ಲೈವ್, ಶಾಟ್‌ಕಟ್, ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಇವುಗಳಲ್ಲಿ ಯಾವುದಾದರೂ ಸಾಕು. ನಿಯಮ ಬೇರೆ ಹೇಳದಿದ್ದರೆ ಮೊದಲ ಹತ್ತು ಸೆಕೆಂಡಿನೊಳಗೆ ರೋಬಾಟ್ ಓಡುವುದು ಕಾಣಲಿ. ಹೊಳೆಯುವ ಶೀರ್ಷಿಕೆ, ಸಂಸ್ಥೆಯ ಲಾಂಛನ ತಿರುಗುವ ದೃಶ್ಯಕ್ಕೆ ಅಮೂಲ್ಯ ಸಮಯ ಕೊಡಬೇಡಿ.

ರೋಬಾಟಿಕ್ಸ್ ಸಂಶೋಧಕರಲ್ಲಿ ಒಂದು ಒಳ್ಳೆಯ ರೂಢಿ ಇದೆ. ವಿಡಿಯೊದ ಮೂಲೆಯಲ್ಲಿ ವೇಗವನ್ನು ಬರೆಯುತ್ತಾರೆ: ನಿಜ ವೇಗವಾದರೆ 1x, ನಾಲ್ಕು ಪಟ್ಟು ಓಡಿಸಿದ್ದರೆ 4x. ಯಂತ್ರ ತಾನಾಗಿ ಓಡುತ್ತಿದೆಯೇ, ಮನುಷ್ಯ ದೂರದಿಂದ ನಡೆಸುತ್ತಿದ್ದಾನೆಯೇ ಎಂಬುದನ್ನೂ ಬರೆಯುತ್ತಾರೆ. ನೀವೂ ಅದನ್ನೇ ಪಾಲಿಸಿ. ರೋಬಾಟ್ ನಿಧಾನವಾಗಿದ್ದರೆ ನಿಧಾನವಾಗಿಯೇ ತೋರಿಸಿ. ಒಂದು ತಿರುವಿನಲ್ಲಿ ಗೆರೆ ಬಿಟ್ಟು ಮತ್ತೆ ಹುಡುಕಿಕೊಂಡರೆ ಆ ಟೇಕ್ ಎಸೆಯುವ ಮುನ್ನ ಯೋಚಿಸಿ. ತಪ್ಪಿದ ಮೇಲೆ ತಾನಾಗಿ ದಾರಿಗೆ ಮರಳುವುದು ಒಂದು ಸಾಮರ್ಥ್ಯ.

ಕಳಿಸುವ ಮುನ್ನ

ಎಂಪಿ4 ರೂಪದಲ್ಲಿ 1080ಪಿಗೆ ರಫ್ತು ಮಾಡಿ, ಗಡುವಿಗೆ ಒಂದು ದಿನ ಮೊದಲೇ ಅಪ್‌ಲೋಡ್ ಮಾಡಿ. ಯೂಟ್ಯೂಬ್‌ನಲ್ಲಿ ಹೊಸ ವಿಡಿಯೊ ಮೊದಲು ಕಡಿಮೆ ಸ್ಪಷ್ಟತೆಯಲ್ಲಿ ಕಾಣುತ್ತದೆ, ಪೂರ್ಣ ಗುಣಮಟ್ಟಕ್ಕೆ ಸಮಯ ಹಿಡಿಯುತ್ತದೆ. ‘ಪ್ರೈವೇಟ್’ ಎಂದಿಟ್ಟರೆ ಲಿಂಕ್ ಇದ್ದರೂ ತೀರ್ಪುಗಾರರಿಗೆ ತೆರೆಯುವುದಿಲ್ಲ, ‘ಅನ್‌ಲಿಸ್ಟೆಡ್’ ಎಂದಿಡಿ. ನಿಮ್ಮ ಖಾತೆಗೆ ಲಾಗಿನ್ ಆಗಿರದ ಬೇರೆ ಫೋನಿನಲ್ಲಿ ಲಿಂಕ್ ತೆರೆದು ನೋಡಿ. ಮೂಲ ಫೈಲನ್ನು ಫಲಿತಾಂಶ ಬರುವವರೆಗೆ ಅಳಿಸಬೇಡಿ, ಆಯೋಜಕರು ಕೇಳಬಹುದು.

ತಂಡದಲ್ಲಿ ಶಾಲಾ ಮಕ್ಕಳಿದ್ದರೆ ಮುಖ ತೋರಿಸಲು ಪೋಷಕರ ಒಪ್ಪಿಗೆ ಪಡೆಯಿರಿ. ಮನೆ ವಿಳಾಸ, ಫೋನ್ ನಂಬರ್, ವೈಫೈ ಪಾಸ್‌ವರ್ಡ್ ಇರುವ ಕೋಡಿನ ಸಾಲು ಚೌಕಟ್ಟಿನಲ್ಲಿ ಬಂದಿಲ್ಲವೆಂದು ಖಚಿತಪಡಿಸಿಕೊಳ್ಳಿ.

ಕೊನೆಯದಾಗಿ ಒಂದು ಪರೀಕ್ಷೆ. ನಿಮ್ಮ ರೋಬಾಟನ್ನು ಎಂದೂ ನೋಡಿರದ ಒಬ್ಬರಿಗೆ, ಅತ್ತೆಯೋ ಪಕ್ಕದ ಮನೆಯವರೋ ಯಾರಾದರೂ ಆಗಲಿ, ಏನೂ ವಿವರಿಸದೆ ವಿಡಿಯೊ ತೋರಿಸಿ. ಇದು ಏನು ಮಾಡುತ್ತದೆ, ತಾನಾಗಿ ಮಾಡಿತೇ, ಹೇಗೆ ಮಾಡಿತು ಎಂದು ಕೇಳಿ. ಮೂರಕ್ಕೂ ಅವರು ತಮ್ಮ ಮಾತಿನಲ್ಲಿ ಉತ್ತರ ಹೇಳಿದರೆ ವಿಡಿಯೊ ಕಳಿಸಿ. ಯಾವುದಾದರೂ ಒಂದಕ್ಕೆ ತಡವರಿಸಿದರೆ ಆ ಭಾಗವನ್ನಷ್ಟೇ ಮತ್ತೆ ಚಿತ್ರೀಕರಿಸಿ. ಅದಕ್ಕಾಗಿಯೇ ಗಡುವಿಗೆ ಮುಂಚೆ ಒಂದು ವಾರ ಕ್ಯಾಮೆರಾಗೆಂದು ಮೀಸಲಿಡಿ. ರೋಬಾಟಿನ ಕೆಲಸ ಅಲ್ಲಿಗೆ ನಿಲ್ಲಲಿ.